ನಿಲ್ಲುವ ಕೆಲಸ: ದೊಡ್ಡಬಳ್ಳಾಪುರ ಸೀಮೆಯ ನಿರುದ್ಯೋಗ ಕುರಿತು

(ರಾಜಘಟ್ಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಇಟ್ಟ ಕುಟುಂಬದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಈ ಊರಿನಲ್ಲಿ ಮಾತಾಡುವವನಿಗೆ ಇತಿಹಾಸ ಕೈಗೆಟಕುವಷ್ಟು ಹತ್ತಿರದಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿಯವರ ತಂಡ 2001ರಲ್ಲಿ, ಮತ್ತೆ 2004ರಲ್ಲಿ ಇಲ್ಲಿ ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರಗಳ ಬುನಾದಿಯೂ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳೂ ಸಿಕ್ಕಿದ್ದನ್ನು ನೀವೆಲ್ಲ ಬಲ್ಲಿರಿ. ಅವುಗಳ ಬಗ್ಗೆ ಮಾತಾಡಲು ನನಗಿಂತ ಅರ್ಹರಿದ್ದಾರೆ. ನಾನು ಆರಿಸಿಕೊಂಡದ್ದು ಈ ಊರಿನ ಪ್ರತಿ ಮನೆಯಲ್ಲೂ ರಾತ್ರಿ ಊಟದ ಹೊತ್ತಿಗೆ ಬರುವ ಮಾತನ್ನು: ಮಗನಿಗೆ ಕೆಲಸ ಸಿಕ್ಕಿತಾ, ಮಗಳ ಕೆಲಸ ಉಳಿಯಿತಾ.

ಮೊದಲು ಲೆಕ್ಕದ ವಿಚಾರ. ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗದ ಪ್ರಮಾಣ 2017–18ರಲ್ಲಿ ಶೇ 6 ಇದ್ದದ್ದು 2023–24ರ ಹೊತ್ತಿಗೆ ಶೇ 3.2ಕ್ಕೆ ಇಳಿದಿದೆ. ಓದಿದರೆ ಸಮಾಧಾನವಾಗುತ್ತದೆ. ಆದರೆ ಈ ಲೆಕ್ಕ ನಡೆಯುವ ಬಗೆ ನೋಡಿ. ವರ್ಷದಲ್ಲಿ ಮೂವತ್ತು ದಿನ ಏನಾದರೂ ದುಡಿಮೆ ಮಾಡಿದ್ದರೆ ಆ ವ್ಯಕ್ತಿ ಉದ್ಯೋಗಿಗಳ ಸಾಲಿಗೆ ಸೇರಬಹುದು. ಅಪ್ಪನ ಮಗ್ಗದ ಪಕ್ಕ ಕೂತು ಕೂಲಿಯಿಲ್ಲದೆ ಕಂಡಿಕೆ ಸುತ್ತುವ ಬಿ.ಕಾಂ. ಹುಡುಗಿಯೂ ಉದ್ಯೋಗಿಯೇ, ಕೆಲಸ ಕಳೆದುಕೊಂಡು ಊರಿಗೆ ಬಂದು ಅಣ್ಣನ ಹಸುಗಳಿಗೆ ಮೇವು ಹಾಕುವ ಹುಡುಗನೂ ಉದ್ಯೋಗಿಯೇ. ದೇಶದ ದುಡಿಯುವವರಲ್ಲಿ ಶೇ 58 ಮಂದಿ ಸ್ವಂತ ಉದ್ಯೋಗದವರು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಅವರಲ್ಲಿ ಸಂಬಳವಿಲ್ಲದೆ ಮನೆಯವರಿಗೆ ನೆರವಾಗುವವರೂ ಸೇರಿದ್ದಾರೆ. ಬಡವರ ಮನೆಯಲ್ಲಿ ಯಾರೂ ಪೂರ್ತಿ ಖಾಲಿ ಕೂರಲು ಆಗುವುದಿಲ್ಲ, ಆದ್ದರಿಂದ ಬಡತನ ಹೆಚ್ಚಿದಷ್ಟೂ ನಿರುದ್ಯೋಗದ ಅಂಕಿ ಇಳಿದಂತೆ ಕಾಣಬಹುದು.

ಅದಕ್ಕಿಂತ ಎದೆಗೆ ತಾಗುವ ಅಂಕಿ ಇನ್ನೊಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯಂತೆ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ಶೇ 3.4 ಮಂದಿ ನಿರುದ್ಯೋಗಿಗಳಾದರೆ, ಪದವೀಧರರಲ್ಲಿ ಶೇ 29.1. ಓದಿದಷ್ಟೂ ಕಾಯಬೇಕು. ಸಾಲ ಮಾಡಿ, ಒಡವೆ ಅಡವಿಟ್ಟು ಓದಿಸಿದ ತಂದೆತಾಯಿಗೆ ಈ ದೇಶ ಕೊಟ್ಟ ಉತ್ತರ ಇದು.

ಹೀಗಿದ್ದರೂ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕನ್ನು ಕೈಗಾರಿಕೆಯಿಲ್ಲದ ಸೀಮೆ ಎನ್ನುವಂತಿಲ್ಲ. ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕೈಗಾರಿಕಾ ಪ್ರದೇಶಗಳಿವೆ, ಅಪಾರೆಲ್ ಪಾರ್ಕ್ ಇದೆ. ಪಕ್ಕದ ದೇವನಹಳ್ಳಿಯಲ್ಲಿ 2008ರ ಮೇ 24ರಿಂದ ವಿಮಾನ ಹಾರುತ್ತಿದೆ. ಹತ್ತಿರದಲ್ಲೇ ಸುಮಾರು 300 ಎಕರೆಯಲ್ಲಿ ಫಾಕ್ಸ್‌ಕಾನ್ ಎದ್ದಿದೆ. ಬೆಳಗಿನ ಜಾವ ಕಂಪನಿ ಬಸ್ಸುಗಳ ಸಾಲು ನೋಡಿದವರಿಗೆ ಇಲ್ಲಿ ಕೆಲಸದ ಬರವಿದೆ ಎನಿಸುವುದೇ ಇಲ್ಲ. ಹಾಗಾದರೆ ಈ ಸಭೆಯಲ್ಲಿರುವ ಹುಡುಗರು ಯಾಕೆ ಕೆಲಸ ಹುಡುಕುತ್ತಿದ್ದಾರೆ? ನನಗೆ ತೋರುವ ಕಾರಣ ಇದು: ನಮ್ಮಲ್ಲಿ ಕೆಲಸಕ್ಕೆ ಸೇರುವುದು ಕಷ್ಟವಲ್ಲ, ಕೆಲಸದಲ್ಲಿ ನಿಲ್ಲುವುದು ಕಷ್ಟ. ಹಳೆಯ ಕಸುಬುಗಳು ತಲೆಮಾರುಗಳ ಕಾಲ ನಿಂತವು. ಹೊಸ ಕೆಲಸಗಳು ಹನ್ನೊಂದು ತಿಂಗಳಿಗೆ ಮುಗಿಯುತ್ತವೆ. ಒಂದು ಕಡೆ ಹಳೆಯದು ಕುಸಿಯುತ್ತಿದೆ, ಇನ್ನೊಂದು ಕಡೆ ಹೊಸದು ಬೇರು ಬಿಡುತ್ತಿಲ್ಲ. ಆ ನಡುವಿನ ಅಂತರಕ್ಕೆ ಬಿದ್ದವರೇ ನಮ್ಮ ನಿರುದ್ಯೋಗಿಗಳು.

ಮಗ್ಗದಿಂದ ಶುರು ಮಾಡೋಣ. ದೊಡ್ಡಬಳ್ಳಾಪುರ ಎಂದರೆ ಸೀರೆ. ಪಟ್ಟಣದ ಗಲ್ಲಿಗಳಲ್ಲಿ ಲಾಳಿಯ ಸದ್ದು ಕೇಳಿಯೇ ಮಕ್ಕಳು ಮಲಗುತ್ತಿದ್ದವು, ಸದ್ದು ನಿಂತರೆ ಎಚ್ಚರಾಗುತ್ತಿದ್ದವು. ಒಂದು ವಿದ್ಯುತ್ ಮಗ್ಗ ನಡೆಯಬೇಕಾದರೆ ಅದರ ಮುಂದೆ ನಿಂತ ನೇಕಾರನೊಬ್ಬನೇ ಸಾಲದು. ನೂಲಿಗೆ ಹುರಿ ಹಾಕುವವರು, ಬಣ್ಣ ಹಾಕುವವರು, ವಾರ್ಪು ಸುತ್ತುವವರು ಬೇಕು. ಹಾಸು ಮುಗಿದಾಗ ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹೊಸೆದು ಕೂಡಿಸುವವರು ಬೇಕು. ಸಾವಿರಾರು ಎಳೆಗಳ ಆ ಕೆಲಸದಲ್ಲಿ ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಜಕಾರ್ಡಿಗೆ ಕಾರ್ಡು ಕೊರೆಯುವವರು, ನಕ್ಷೆ ಬರೆಯುವವರು, ಮಗ್ಗ ರಿಪೇರಿಯವರು, ಕಂಡಿಕೆ ಸುತ್ತುವ ಅಜ್ಜಿಯರು, ಸೆರಗಿಗೆ ಕುಚ್ಚು ಕಟ್ಟುವ ಹೆಂಗಸರು, ಸೀರೆ ಮಡಿಸಿ ಬೆಂಗಳೂರಿನ ಚಿಕ್ಕಪೇಟೆಗೆ ಒಯ್ಯುವವರು ಎಲ್ಲರೂ ಒಂದು ಮಗ್ಗದ ಅನ್ನ ಉಣ್ಣುವವರು. ಇವರಲ್ಲಿ ಯಾರಿಗೂ ನೇಮಕಾತಿ ಪತ್ರವಿಲ್ಲ, ಭವಿಷ್ಯನಿಧಿಯಿಲ್ಲ. ಆದರೆ ಕಲಿಕೆ ಇತ್ತು. ಹತ್ತು ವರ್ಷದವನಿದ್ದಾಗ ಕಂಡಿಕೆ ಕೊಟ್ಟವನು ಇಪ್ಪತ್ತಕ್ಕೆ ನೇಕಾರ, ಮೂವತ್ತಕ್ಕೆ ಎರಡು ಮಗ್ಗದ ಮಾಲೀಕನಾಗುವ ದಾರಿ ಇತ್ತು. ಮಕ್ಕಳ ದುಡಿಮೆಯನ್ನು ನಾನು ಹೊಗಳುತ್ತಿಲ್ಲ, ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೇ ಮೇಲೇರುವ ಆ ದಾರಿಯೂ ಮುಚ್ಚಿತು.

ಅದು ಮುಚ್ಚಿದ್ದು ಒಂದೇ ದಿನದಲ್ಲಲ್ಲ. ಸೂರತ್ತಿನ ವೇಗದ ರೇಪಿಯರ್ ಮಗ್ಗಗಳು ಇಲ್ಲಿನ ವಿನ್ಯಾಸವನ್ನೇ ನಕಲು ಮಾಡಿ ಕಡಿಮೆ ಬೆಲೆಗೆ ಸೀರೆ ಕಳಿಸಿದವು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ವಾರದ ಬಟವಾಡೆ ನಿಂತಿತು. 2017ರಲ್ಲಿ ಜಿಎಸ್‌ಟಿ, 2020ರಲ್ಲಿ ಲಾಕ್‌ಡೌನ್. ಮದುವೆಗಳೇ ನಡೆಯದ ವರ್ಷದಲ್ಲಿ ರೇಷ್ಮೆ ಸೀರೆ ಕೊಳ್ಳುವವರಾರು? ರಾಜ್ಯ ಸರ್ಕಾರ 2023ರಲ್ಲಿ ಹತ್ತು ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ಅದು ನಿಜವಾದ ನೆರವು, ಅದನ್ನು ಮರೆಯಬಾರದು. ಆದರೆ ಸೀರೆ ಮಾರಾಟವಾಗದಿದ್ದರೆ ವಿದ್ಯುತ್ ಬಿಟ್ಟಿಯಾದರೂ ಮಗ್ಗ ತಿರುಗುವುದಿಲ್ಲ. ಕಾರ್ಖಾನೆಯೊಂದು ನೂರು ಜನರನ್ನು ಮನೆಗೆ ಕಳಿಸಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಒಂದು ಗಲ್ಲಿಯ ಹತ್ತು ಮಗ್ಗಗಳು ಗುಜರಿಗೆ ಹೋದರೆ ಎಷ್ಟು ಜನ ಕೆಲಸ ಕಳೆದುಕೊಂಡರು ಎಂದು ಬರೆದಿಡುವ ಕಚೇರಿಯೇ ಇಲ್ಲ.

ಇಲ್ಲಿ ಕಾನೂನಿನ ಒಂದು ದೊಡ್ಡ ತೂತನ್ನು ತೋರಿಸಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿಯ ಹಕ್ಕು ಕೊಟ್ಟಿತು. 2025ರ ಕೊನೆಯಲ್ಲಿ ಅದರ ಜಾಗಕ್ಕೆ ತಂದ ಕಾಯ್ದೆ 125 ದಿನ ಎನ್ನುತ್ತದೆ, ಖರ್ಚಿನ ದೊಡ್ಡ ಪಾಲನ್ನು ರಾಜ್ಯದ ಹೆಗಲಿಗೂ ಹಾಕುತ್ತದೆ. ಎರಡೂ ಹಳ್ಳಿಗೆ ಮಾತ್ರ. ರಾಜಘಟ್ಟದ ಕೂಲಿಕಾರ ಅರ್ಜಿ ಹಾಕಬಹುದು, ದೊಡ್ಡಬಳ್ಳಾಪುರ ನಗರಸಭೆಯ ವ್ಯಾಪ್ತಿಯಲ್ಲಿ ಮಗ್ಗ ನಿಂತು ಕೂತ ನೇಕಾರ ಹಾಕುವಂತಿಲ್ಲ. ಕೇರಳ 2010ರಲ್ಲೇ ಅಯ್ಯನ್‌ಕಾಳಿ ಹೆಸರಿನಲ್ಲಿ ನಗರಗಳಿಗೂ ಉದ್ಯೋಗ ಖಾತ್ರಿ ತಂದಿತು, ರಾಜಸ್ಥಾನ 2022ರಲ್ಲಿ ತಂದಿತು. ಮಗ್ಗದ ಪಟ್ಟಣಗಳಿರುವ ಕರ್ನಾಟಕಕ್ಕೆ ಇದು ಬೇರೆಲ್ಲರಿಗಿಂತ ಮೊದಲು ಬೇಕಿತ್ತು. ದೊಡ್ಡಬಳ್ಳಾಪುರ, ರಬಕವಿ–ಬನಹಟ್ಟಿ, ಗದಗ–ಬೆಟಗೇರಿಯಿಂದಲೇ ಶುರುವಾಗಲಿ.

ಇನ್ನು ನೆಲ. 1918ರಲ್ಲಿ, ಇಪ್ಪತ್ತೇಳರ ಹರೆಯದ ಅಂಬೇಡ್ಕರ್ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಭೂಮಿಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಜನ ಅವಲಂಬಿಸಿದ್ದಾರೆ, ಅವರ ದುಡಿಮೆ ವ್ಯರ್ಥವಾಗುತ್ತಿದೆ, ಕೈಗಾರಿಕೆ ಬೆಳೆದರೆ ಮಾತ್ರ ಕೃಷಿಯೂ ಉಸಿರಾಡುತ್ತದೆ ಎಂಬುದು ಅದರ ವಾದ. ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರೂ ಬದುಕಿಡೀ ಇದನ್ನೇ ಹೇಳಿದರು. ಈ ಇಬ್ಬರ ಮಾತೂ ನನಗೆ ಒಪ್ಪಿತ. ಎರಡು ಎಕರೆ ರಾಗಿ ಹೊಲ ನಾಲ್ಕು ಗಂಡು ಮಕ್ಕಳನ್ನು ಸಾಕುವುದಿಲ್ಲ. ಆದರೆ ಕೈಗಾರಿಕೆ ಬರುವ ಮೊದಲೇ ನೆಲ ಹೋದರೆ ಏನಾಗುತ್ತದೆ ಎಂಬುದನ್ನು ಅವರು ಕಾಣಲಿಲ್ಲ, ನಾವು ಕಂಡಿದ್ದೇವೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಕ್ಕೆ ಗೊತ್ತು ಮಾಡಿದಾಗ ಅಲ್ಲಿನ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಧರಣಿ ಕೂತ ಆ ರೈತರನ್ನು ಅಭಿವೃದ್ಧಿ ವಿರೋಧಿಗಳು ಎಂದವರುಂಟು. ಒಂದು ಬೆಂಗಳೂರು ನೀಲಿ ದ್ರಾಕ್ಷಿ ತೋಟದೊಳಗೆ ಹೋಗಿ ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ವರ್ಷಕ್ಕೆ ಎರಡು ಬೆಳೆ. ಬಳ್ಳಿ ಸವರುವುದು, ಚಪ್ಪರಕ್ಕೆ ಹಬ್ಬಿಸುವುದು, ಔಷಧಿ ಹೊಡೆಯುವುದು, ಗೊನೆ ಕತ್ತರಿಸಿ ಕ್ರೇಟಿಗೆ ತುಂಬುವುದು, ಹೀಗೆ ಮಾಲೀಕನ ಮನೆಯವರಲ್ಲದೆ ಊರಿನ ಕೂಲಿ ಹೆಂಗಸರಿಗೂ ತಿಂಗಳುಗಟ್ಟಲೆ ಕೆಲಸ. ಹಿಪ್ಪುನೇರಳೆ ಇದ್ದರೆ ಹುಳು ಮೇಯಿಸಿ ವಿಜಯಪುರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು. ಹಟ್ಟಿಯಲ್ಲಿ ಹಸು ಇದ್ದರೆ ಬೆಳಗ್ಗೆ ಸಂಜೆ ಡೇರಿಗೆ ಹಾಲು. ಪರಿಹಾರದ ಹಣ ಖಾತೆಗೆ ಬಂದ ದಿನ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ. ಪರಿಹಾರ ಸಿಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಗೊನೆ ಕತ್ತರಿಸುತ್ತಿದ್ದ ದಲಿತ ಹೆಂಗಸಿಗೆ ಏನೂ ಇಲ್ಲ, ಅವಳು ಕೆಲಸ ಕಳೆದುಕೊಂಡಳು ಎಂದು ಯಾವ ಕಡತದಲ್ಲೂ ಬರೆಯುವುದಿಲ್ಲ.

ನೀರಿನ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಅರ್ಕಾವತಿ ಪಾತ್ರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ನಗರದ ಒಳಚರಂಡಿ, ಕೈಗಾರಿಕಾ ಪ್ರದೇಶದ ಕೊಳಚೆ ಹರಿದು ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಗೇಟಿನ ಒಳಗೆ ನೂರು ಜನಕ್ಕೆ ಕೆಲಸ ಕೊಟ್ಟು ಗೇಟಿನ ಹೊರಗೆ ಕೆರೆ ಕೆಳಗಿನ ನೂರು ಕುಟುಂಬಗಳ ಬೇಸಾಯ, ಹೈನು, ಮೀನು ಕೆಡಿಸಿದರೆ ಒಟ್ಟು ಲೆಕ್ಕದಲ್ಲಿ ಸಿಕ್ಕಿದ್ದೇನು? ಕೆರೆ ಶುದ್ಧಿಯನ್ನು ಪರಿಸರದ ಕೆಲಸ ಎಂದು ಬದಿಗೆ ಸರಿಸುತ್ತಾರೆ. ಅದು ಉದ್ಯೋಗ ಉಳಿಸುವ ಕೆಲಸ.

ಈಗ ಗೇಟಿನ ಒಳಗೆ ಹೋಗೋಣ. ಹಿಂದೆ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆಗಳಿದ್ದವು: ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ದೂರವಾಣಿನಗರದಲ್ಲಿ, ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದವು. ಬಿಇಎಲ್, ಎಚ್‌ಎಎಲ್, ಬಿಇಎಂಎಲ್ ಇದ್ದವು. ಹಳ್ಳಿಯಿಂದ ಹತ್ತನೇ ತರಗತಿ ಮುಗಿಸಿ ಹೋದ ಹುಡುಗ ಅಪ್ರೆಂಟಿಸ್ ಆಗಿ ಸೇರಿ, ಕಂಪನಿಯ ತರಬೇತಿ ಕೇಂದ್ರದಲ್ಲಿ ಕಲಿತು, ಫಿಟ್ಟರನೋ ಟರ್ನರನೋ ಆಗಿ, ಅಲ್ಲೇ ನಿವೃತ್ತನಾಗುತ್ತಿದ್ದ. ಆ ಒಂದು ಸಂಬಳ ತಮ್ಮಂದಿರನ್ನು ಓದಿಸಿತು, ತಂಗಿಯರ ಮದುವೆ ಮಾಡಿತು, ಊರಲ್ಲಿ ಬಾವಿ ತೋಡಿಸಿತು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಗಳ ಬಾಗಿಲು 2016ರಲ್ಲಿ ಮುಚ್ಚಿತು. ಆ ಬಗೆಯ ಕೆಲಸ ಮತ್ತೆ ಅಷ್ಟೇ ಪ್ರಮಾಣದಲ್ಲಿ ಬರಲಿಲ್ಲ.

ಬದಲಿಗೆ ಬಂದದ್ದು ಗುತ್ತಿಗೆ. ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ನೋಡಿದರೆ ಈ ಶತಮಾನದ ಆರಂಭದಲ್ಲಿ ನೂರರಲ್ಲಿ ಸುಮಾರು 23 ಕಾರ್ಮಿಕರು ಗುತ್ತಿಗೆಯವರಾಗಿದ್ದರು, ಈಗ ನೂರರಲ್ಲಿ 40ಕ್ಕೂ ಹೆಚ್ಚು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದ್ದೇ ಇತ್ತು. ಆದರೆ ಅದರಡಿ ಗುತ್ತಿಗೆ ರದ್ದಾದರೂ ಕಾರ್ಮಿಕ ತಾನೇ ತಾನಾಗಿ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. 2018ರಲ್ಲಿ ಎಲ್ಲ ಉದ್ಯಮಗಳಿಗೂ ನಿಗದಿತ ಅವಧಿಯ ನೇಮಕಕ್ಕೆ ದಾರಿ ತೆರೆಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗೆ ಸರ್ಕಾರದ ಅನುಮತಿಯಿಲ್ಲದೆ ಕೆಲಸದಿಂದ ತೆಗೆಯುವ ಅವಕಾಶ ಕೊಟ್ಟವು. ಅವೇ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ದುಡಿಮೆಗೂ ಗ್ರಾಚ್ಯುಟಿ ಕೊಟ್ಟಿವೆ, ಆದರೆ ಹನ್ನೊಂದನೇ ತಿಂಗಳಿಗೆ ಮನೆಗೆ ಹೋದವರಿಗೆ ಅದು ಸಿಗುವುದಿಲ್ಲ.

ಇದರ ಸಿಟ್ಟು ಹೇಗಿರುತ್ತದೆ ಎಂದು ನಮ್ಮ ಸೀಮೆ ನೋಡಿದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜುಗಳು ಪುಡಿಯಾದವು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು, ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ದೂರು. ಹಿಂಸೆಯನ್ನು ನಾನು ಒಪ್ಪುವುದಿಲ್ಲ. ಆದರೆ ದೂರು ಹೇಳಿಕೊಳ್ಳಲು ಕಂಪನಿಯ ಹತ್ತಿರ ಹೋದರೆ ಏಜೆನ್ಸಿಯನ್ನು ಕೇಳು ಎಂದು, ಏಜೆನ್ಸಿಯ ಹತ್ತಿರ ಹೋದರೆ ಕಂಪನಿಯನ್ನು ಕೇಳು ಎಂದು ತಿರುಗಿಸುವ ಪದ್ಧತಿಯನ್ನೂ ಒಪ್ಪಲಾಗದು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನೂ ನೆನೆಯಿರಿ. ಭವಿಷ್ಯನಿಧಿಯ ಪೂರ್ತಿ ಹಣ ತೆಗೆಯಲು ಐವತ್ತೆಂಟರವರೆಗೆ ಕಾಯಬೇಕು ಎಂಬ ನಿಯಮದ ವಿರುದ್ಧ ಎದ್ದ ಆ ಹೋರಾಟದ ಎದುರು ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. ಮೂವತ್ತೈದಕ್ಕೇ ಮೆಷಿನ್ ಬಿಡಬೇಕಾಗುತ್ತದೆ ಎಂದು ಆ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಐವತ್ತೆಂಟರ ಲೆಕ್ಕ ಬರೆದವರಿಗೆ ಗೊತ್ತಿರಲಿಲ್ಲ.

ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ 2025ರಲ್ಲಿ ಕೆಲಸ ಶುರು ಮಾಡಿ ತಿಂಗಳುಗಳಲ್ಲೇ ಹತ್ತಾರು ಸಾವಿರ ಜನರನ್ನು ಸೇರಿಸಿಕೊಂಡಿತು, ಬಹುಪಾಲು ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರ ಹೆಣ್ಣುಮಕ್ಕಳು ಎಂದು ಪತ್ರಿಕೆಗಳು ಬರೆದವು. ಹಳ್ಳಿಯ ಹುಡುಗಿ ಮೊದಲ ಬಾರಿಗೆ ತನ್ನ ಹೆಸರಿನ ಖಾತೆಗೆ ಸಂಬಳ ಪಡೆಯುವುದು ದೊಡ್ಡ ಸಂಗತಿ, ಅದನ್ನು ಯಾರೂ ಕಡಿಮೆ ಮಾಡಿ ನೋಡಬಾರದು. ನನ್ನ ಪ್ರಶ್ನೆ ಮುಂದಿನದು. ಇಪ್ಪತ್ತೈದಾದ ಮೇಲೆ ಅವಳು ಎಲ್ಲಿ? ಆರು ವರ್ಷ ಜೋಡಣೆಯ ಸಾಲಿನಲ್ಲಿ ಕೂತವಳು ಸೂಪರ್‌ವೈಸರ್ ಆಗುವಳೇ, ಗುಣಮಟ್ಟ ಪರೀಕ್ಷೆ ಕಲಿಯುವಳೇ, ಅಥವಾ ಅವಳ ಕುರ್ಚಿಗೆ ಮತ್ತೊಬ್ಬ ಹತ್ತೊಂಬತ್ತರ ಹುಡುಗಿ ಬರುವಳೇ?

ಓದಿದ ಹುಡುಗರು ಇದನ್ನೆಲ್ಲ ನೋಡಿಯೇ ಸರ್ಕಾರಿ ನೌಕರಿಗೆ ಕಾಯುವುದು. ಅವರನ್ನು ಸೋಮಾರಿಗಳು ಎನ್ನುವುದು ಅನ್ಯಾಯ, ನಿಲ್ಲುವ ಕೆಲಸ ಅಲ್ಲಿ ಮಾತ್ರ ಉಳಿದಿದೆ ಎಂದು ಅವರಿಗೆ ತಿಳಿದಿದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳೇ ತಪ್ಪು ಅನುವಾದಗೊಂಡು ಡಿಸೆಂಬರಿನಲ್ಲಿ ಮತ್ತೆ ಬರೆಯಬೇಕಾಯಿತು. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಓದಿದ ತಪ್ಪಿಗೆ ಅಂಕ ಕಳೆದುಕೊಂಡ ಮಕ್ಕಳ ನೋವು ನನ್ನನ್ನು ಈಗಲೂ ಕಾಡುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ಸಿಗುವ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಎರಡು ವರ್ಷ ಬಸ್ಸಿನ ಖರ್ಚಿಗೂ ಪುಸ್ತಕಕ್ಕೂ ಆಗುತ್ತದೆ. ಆದರೆ ಆ ಹುಡುಗರಿಗೆ ಬೇಕಾದದ್ದು ತಪ್ಪದೆ ನಡೆಯುವ ನೇಮಕಾತಿ ವೇಳಾಪಟ್ಟಿ. ಯುಪಿಎಸ್‌ಸಿ ವರ್ಷದ ಮೊದಲೇ ದಿನಾಂಕ ಪ್ರಕಟಿಸಿ ನಡೆಸುತ್ತದೆ, ಕೆಪಿಎಸ್‌ಸಿಗೆ ಅದು ಅಸಾಧ್ಯವೇನಲ್ಲ.

ಸ್ಥಳೀಯರಿಗೆ ಮೀಸಲು ಕೊಡಿ ಎಂಬ ಕೂಗು ಹಳೆಯದು. ಸರೋಜಿನಿ ಮಹಿಷಿ ಸಮಿತಿಯ ಅಂತಿಮ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿತು, ಉದ್ಯಮಿಗಳ ವಿರೋಧ ಬಂದ ಕೂಡಲೇ ಸರ್ಕಾರ ಅದನ್ನು ತಡೆಹಿಡಿಯಿತು. ಹರಿಯಾಣದ ಇಂಥದೇ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ನೆಲ ಕೊಟ್ಟವರಿಗೆ ಕೆಲಸ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಶೇ 70 ಪಾಲು ಪಡೆದು ನಾವು ಏನು ಗಳಿಸುತ್ತೇವೆ?

ಆದ್ದರಿಂದ ನನ್ನ ಮುಖ್ಯ ಸಲಹೆ ಕೆಲಸದ ಅವಧಿಯ ಬಗ್ಗೆಯೇ. ಕಂಪನಿಗಳಿಗೆ ಭೂಮಿ, ತೆರಿಗೆ, ವಿದ್ಯುತ್ತಿನಲ್ಲಿ ರಿಯಾಯಿತಿ ಕೊಡುವಾಗ ಸಾವಿರಾರು ಉದ್ಯೋಗ ಎಂಬ ಘೋಷಣೆಯನ್ನು ನೋಡುತ್ತಾರೆ. ಅದರ ಬದಲು ಮೂರು ವರ್ಷದ ನಂತರ ಎಷ್ಟು ಜನ ಅದೇ ಕಡೆ ಉಳಿದಿದ್ದಾರೆ ಎಂದು ನೋಡಿ ಕಂತುಗಳಲ್ಲಿ ಕೊಡಲಿ. ಲೆಕ್ಕ ಹಿಡಿಯುವುದು ಕಷ್ಟವಲ್ಲ, ಪ್ರತಿ ಕಾರ್ಮಿಕನ ಭವಿಷ್ಯನಿಧಿ ಸಂಖ್ಯೆಯಲ್ಲಿ ಯಾವ ತಿಂಗಳು ಎಲ್ಲಿ ದುಡಿದ ಎಂಬುದೆಲ್ಲ ಇದೆ. ಕೇಂದ್ರವೇ 2025ರ ಆಗಸ್ಟಿನಿಂದ ಹೊಸ ನೇಮಕಕ್ಕೆ ಕೊಡುವ ಪ್ರೋತ್ಸಾಹಧನಕ್ಕೆ ಆರು ತಿಂಗಳು ಕೆಲಸದಲ್ಲಿ ಉಳಿದಿರಬೇಕು ಎಂಬ ಷರತ್ತು ಹಾಕಿದೆ. ಆರು ತಿಂಗಳನ್ನು ಮೂರು ವರ್ಷ ಮಾಡುವುದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಮನಸ್ಸು ಬೇಕು.

ಎರಡನೆಯದು ಕಲಿಕೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ ಮೂವತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಕಲಿಕಾರ್ಥಿಗಳನ್ನು ತೆಗೆದುಕೊಳ್ಳಲೇಬೇಕು, ಗುತ್ತಿಗೆಯವರನ್ನೂ ಆ ಒಟ್ಟಿನಲ್ಲಿ ಎಣಿಸಬೇಕು. ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ಹೊಸ ಯಂತ್ರಗಳು ಬಂದಿವೆ. ಒಂದು ಕಡೆ ಯಂತ್ರವಿದೆ, ಇನ್ನೊಂದು ಕಡೆ ಕಾನೂನಿದೆ. ನಡುವೆ ಬಾಶೆಟ್ಟಿಹಳ್ಳಿಯ ಯಾವ ಕಂಪನಿ ಎಷ್ಟು ಕಲಿಕಾರ್ಥಿಗಳನ್ನು ಬಾಕಿ ಉಳಿಸಿಕೊಂಡಿದೆ ಎಂದು ಕೇಳುವವರಿಲ್ಲ.

ಕೇಳುವ ಕೆಲಸ ಇಲ್ಲಿಂದಲೇ ಶುರುವಾಗಬಹುದು, ಅದಕ್ಕೇ ನಾನು ಈ ಉಪನ್ಯಾಸಕ್ಕೆ ಪಂಚಾಯಿತಿಯವರನ್ನು ವಿಶೇಷವಾಗಿ ಕರೆಯಿರಿ ಎಂದು ಕೋರಿದ್ದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ವಹಿ ಇಡಿ. ಹದಿನೆಂಟರಿಂದ ಮೂವತ್ತೈದರವರೆಗಿನ ಪ್ರತಿಯೊಬ್ಬರ ಓದು, ಬಲ್ಲ ಕಸುಬು, ಈಗಿನ ಕೆಲಸ, ಅದು ಗುತ್ತಿಗೆಯೋ ಕಾಯಮೋ, ಭವಿಷ್ಯನಿಧಿ ಇದೆಯೋ ಇಲ್ಲವೋ, ಯಾವ ತಿಂಗಳು ಸೇರಿದರು, ಯಾವ ತಿಂಗಳು ಬಿಡಿಸಿದರು, ಇಷ್ಟು ಬರೆಯಲಿ. ನಿಂತ ಮಗ್ಗ, ಮಾರಿದ ಹಸು, ಹೋದ ತೋಟದ ಕೂಲಿಯೂ ಅದರಲ್ಲಿ ಬರಲಿ. ಪದವಿ ಮುಗಿಸಿ ಕೂತಿರುವ ಇಬ್ಬರು ಮೂವರಿಗೆ ಗೌರವಧನ ಕೊಟ್ಟು ಇದನ್ನು ಮಾಡಿಸಬಹುದು. ವರ್ಷಕ್ಕೆ ಎರಡು ಗ್ರಾಮಸಭೆಗಳಲ್ಲಿ ಓದಿ, ಠರಾವು ಮಾಡಿ, ಒಂದು ಪ್ರತಿಯನ್ನು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೂ ಇನ್ನೊಂದನ್ನು ಕೈಗಾರಿಕಾ ಕೇಂದ್ರಕ್ಕೂ ಕಳಿಸಿ, ಕಲಿಕಾರ್ಥಿಗಳ ಬಾಕಿ ಪಟ್ಟಿ ಕೇಳಿ. ಇದಕ್ಕೆ ಬೆಂಗಳೂರಿನ ಯಾವ ಆದೇಶಕ್ಕೂ ಕಾಯಬೇಕಿಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ಕೊಟ್ಟ ಅಧಿಕಾರವೇ ಸಾಕು. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ ಎಂದು ಅಧ್ಯಕ್ಷರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಆ ದಿನ ನನ್ನನ್ನೂ ಕರೆಯಿರಿ, ಬರುತ್ತೇನೆ.